ಒಂದೇ ಪೆಟ್ಟಿಗೆಯ ಎರಡು ರಕ್ತ

ಲಕೋಟೆಯ ಅರಗು ಒಡೆದಿರಲಿಲ್ಲ. ನೇತ್ರಾವತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಾಲ್ಕೂ ಅಂಚು ನೋಡಿ, ಮುರುಗೇಶನ ಮುಂದೆ ಮೇಜಿನ ಮೇಲಿಟ್ಟರು.

"ನೀವೇ ಒಡೀರಿ," ಎಂದರು.

ಮುರುಗೇಶ್ ಕೈ ಚಾಚಲಿಲ್ಲ. ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಹದಿನಾಲ್ಕು ವರ್ಷದಿಂದ ರಕ್ತ ಸಂಗ್ರಹ ಕೇಂದ್ರ ನಡೆಸುತ್ತಿದ್ದವನು ಅವನು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನಿಂದ ಬರುವ ಕೊಳವೆಗಳನ್ನೆಲ್ಲ ಒಂದೇ ತಂಪು ಪೆಟ್ಟಿಗೆಯಲ್ಲಿ ಜೋಡಿಸಿ ಸಂಜೆಯ ಬಸ್ಸಿಗೆ ಬೆಂಗಳೂರಿನ ಲ್ಯಾಬಿಗೆ ಕಳಿಸುವುದು ಅವನ ಕೆಲಸ. ಆ ಪೆಟ್ಟಿಗೆಯಲ್ಲಿ ಇಬ್ಬರು ಹೆಂಗಸರ ರಕ್ತ ಅದಲುಬದಲಾಗಿದೆ ಎಂಬುದು ನೇತ್ರಾವತಿಯವರ ಅನುಮಾನವಾಗಿತ್ತು. ಆಗಿದ್ದರೆ ಅದು ಅವನ ಕೈಯಲ್ಲೇ ಆಗಿರಬೇಕು.

ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಶ್ರೀರಾಂಪುರದ ಆಚೆಯ ಗೊಲ್ಲರ ಹಟ್ಟಿಯ ಜುಂಜಮ್ಮ, ಹೊಳಲ್ಕೆರೆಯ ಪಾತ್ರೆ ಅಂಗಡಿಯ ಕಮಲಮ್ಮ, ಇಬ್ಬರಿಗೂ ಆರು ವರ್ಷದ ಹಿಂದೆ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಕಂಡು, ಗ್ರಂಥಿಯನ್ನು ಪೂರ್ತಿ ತೆಗೆದಿದ್ದರು. ಗ್ರಂಥಿಯೇ ಇಲ್ಲದ ಮೇಲೆ ಅದು ತಯಾರಿಸುವ ಥೈರೋಗ್ಲೋಬುಲಿನ್ ಎಂಬ ವಸ್ತುವೂ ರಕ್ತದಲ್ಲಿ ಇರಬಾರದು. ಕಂಡರೆ, ಮೈಯಲ್ಲಿ ಎಲ್ಲೋ ಕಾಯಿಲೆ ಮತ್ತೆ ತಲೆಯೆತ್ತಿದೆ ಎಂದು ಲೆಕ್ಕ. ಅದಕ್ಕೇ ಇಬ್ಬರೂ ಆರು ತಿಂಗಳಿಗೊಮ್ಮೆ ರಕ್ತ ಕೊಡುತ್ತಿದ್ದರು.

ಜುಂಜಮ್ಮನವರ ರಕ್ತದಲ್ಲಿ ಅದು ಎರಡು ವರ್ಷದಿಂದ ಏರುತ್ತಿತ್ತು. ಮೂರು, ಹನ್ನೊಂದು, ಹತ್ತೊಂಬತ್ತು, ಇಪ್ಪತ್ತಾರು. ಆದರೆ ಕುತ್ತಿಗೆಯ ಸ್ಕ್ಯಾನಿನಲ್ಲಾಗಲಿ, ಅಯೋಡಿನ್ ಕುಡಿಸಿ ಮೈಯೆಲ್ಲ ತೆಗೆದ ಚಿತ್ರದಲ್ಲಾಗಲಿ ಒಂದು ಚುಕ್ಕೆಯೂ ಇರಲಿಲ್ಲ. ಕಮಲಮ್ಮನವರದು ತಿರುವುಮುರುವು. ರಕ್ತ ಪ್ರತಿ ಸಲವೂ ಸೊನ್ನೆ. ಸ್ಕ್ಯಾನಿನಲ್ಲಿ ಮಾತ್ರ ಕುತ್ತಿಗೆಯೊಳಗೆ ಕಡಲೆಕಾಳಿನಷ್ಟು ಗಂಟು.

ನಾಲ್ಕು ಸಲವೂ ಇಬ್ಬರ ರಕ್ತ ಒಂದೇ ಸೋಮವಾರ, ಒಂದೇ ಪೆಟ್ಟಿಗೆಯಲ್ಲಿ ಹೋಗಿತ್ತು. ಇಬ್ಬರ ನೋಂದಣಿ ಸಂಖ್ಯೆಯಲ್ಲಿ ಕೊನೆಯ ಅಂಕಿಯೊಂದೇ ಬೇರೆ.

ಇಷ್ಟು ಸಿಕ್ಕ ಮೇಲೆ ಯಾರಿಗಾದರೂ ಅದೇ ಅನುಮಾನ ಬರುತ್ತಿತ್ತು. ನೇತ್ರಾವತಿಯವರಂತೂ ಮೂವತ್ತೊಂದು ವರ್ಷ ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯದ ರಕ್ತ ವಿಭಾಗದಲ್ಲಿ ದುಡಿದವರು. ಬಟ್ಟೆಯ ಮೇಲಿನ ಕಲೆ ಮನುಷ್ಯರದೋ ಕುರಿಯದೋ ಎಂದು ಕೋರ್ಟಿನಲ್ಲಿ ನಿಂತು ಹೇಳಿದವರು. ನಿವೃತ್ತಿಯ ನಂತರವೂ ಇಂಥ ತಕರಾರುಗಳು ಅವರನ್ನು ಹುಡುಕಿಕೊಂಡು ಬರುತ್ತಿದ್ದವು. ಇದನ್ನು ತಂದವಳು ಜುಂಜಮ್ಮನವರ ಮಗಳು ಕಾವ್ಯಶ್ರೀ, ಹಿರಿಯೂರಿನಲ್ಲಿ ನರ್ಸ್.

ಕಳೆದ ಸೋಮವಾರ ಕಾವ್ಯಶ್ರೀಯೇ ಇಬ್ಬರ ರಕ್ತ ತೆಗೆದಿದ್ದಳು. ನೇತ್ರಾವತಿ ಕಣ್ಣೆದುರಿಗೇ ಚೀಟಿ ಅಂಟಿಸಿ, ಅರಗು ಹಾಕಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ಬೆಂಗಳೂರಿಗೆ ಒಯ್ದಿದ್ದರು. ಯಾರ ಕೊಳವೆ ಯಾರದ್ದೆಂದು ಗುರುತಿಗೆ ರಕ್ತದ ಗುಂಪನ್ನೂ ಪರೀಕ್ಷಿಸಲು ಬರೆದುಕೊಟ್ಟಿದ್ದರು. ಆಪರೇಷನ್ನಿನ ಕಾಗದಗಳ ಪ್ರಕಾರ ಜುಂಜಮ್ಮನವರದು ಬಿ, ಕಮಲಮ್ಮನವರದು ಓ.

ಮುರುಗೇಶ್ ಕೊನೆಗೆ ಕತ್ತರಿ ತೆಗೆದುಕೊಂಡ. ಹಾಳೆ ಬಿಡಿಸಿ ಓದಿದ. ಮತ್ತೊಮ್ಮೆ ಓದಿ ಅವರ ಕಡೆ ತಳ್ಳಿದ.

ಜುಂಜಮ್ಮ, ಬಿ ಗುಂಪು, ಇಪ್ಪತ್ತೇಳು. ಕಮಲಮ್ಮ, ಓ ಗುಂಪು, ಸೊನ್ನೆ.

ಅದಲುಬದಲಾಗಿರಲಿಲ್ಲ. ಯಾವತ್ತೂ ಆಗಿರಲಿಲ್ಲ.

ನೇತ್ರಾವತಿ ಹಾಳೆಯನ್ನು ಮಡಿಚಿದರು. "ನನ್ನದು ತಪ್ಪಾಯ್ತು ಮುರುಗೇಶ್. ನಿಮ್ಮ ಕೈಯಲ್ಲಿ ಏನೂ ಆಗಿಲ್ಲ. ಇದನ್ನ ನಾನೇ ಎಲ್ಲರಿಗೂ ಹೇಳ್ತೀನಿ."

"ಹೇಳ್ರಿ ಮೇಡಂ. ಆದ್ರೆ ಹತ್ತು ದಿನದಿಂದ ಜನ ನನ್ನ ಕಡೆ ನೋಡ್ತಿರೋ ನೋಟ ಐತಲ್ಲ, ಅದು ಒಂದು ಕಾಗದದಿಂದ ಹೋಗಲ್ಲ."

ನೇತ್ರಾವತಿ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಮೆಟ್ಟಿಲಿಳಿದು ಸ್ಕೂಟರಿನ ಹತ್ತಿರ ಬಂದಾಗ ಕೀಲಿ ಯಾವ ಜೇಬಿನಲ್ಲಿದೆ ಎಂದು ಎರಡು ಸಲ ತಡಕಾಡಿದರು.

ಅಂದು ಗುರುವಾರ. ಮುಂದಿನ ಬುಧವಾರ ಜುಂಜಮ್ಮ ಬೆಂಗಳೂರಿನ ಆಸ್ಪತ್ರೆಗೆ ದಾಖಲಾಗಬೇಕಿತ್ತು. ರಕ್ತ ಇದೆ ಎನ್ನುವಾಗ, ಚಿತ್ರ ಇಲ್ಲ ಎನ್ನುವಾಗ, ಎಲ್ಲಿದೆ ಎಂದು ತಿಳಿಯದಿದ್ದರೂ ವಿಕಿರಣದ ಅಯೋಡಿನನ್ನು ದೊಡ್ಡ ಪ್ರಮಾಣದಲ್ಲಿ ಕುಡಿಸಿ ನೋಡುವುದೊಂದು ದಾರಿ. ಜುಂಜಮ್ಮ ಅದನ್ನು ಆಗಲೇ ಎರಡು ಸಲ ಕುಡಿದಿದ್ದರು. ಬಾಯಲ್ಲಿ ಜೊಲ್ಲು ಆರಿಹೋಗಿ, ರಾಗಿ ಮುದ್ದೆ ನುಂಗಲು ಪ್ರತಿ ತುತ್ತಿಗೂ ನೀರು ಬೇಕಿತ್ತು. ಮೂರನೆಯದು ಬೇಕೋ ಬೇಡವೋ ಎಂದು ಹೇಳಲು ನೇತ್ರಾವತಿಯವರಿಗೆ ಉಳಿದದ್ದು ಐದು ದಿನ.

ಶುಕ್ರವಾರ ಬೆಳಿಗ್ಗೆ ಅವರು ಕಾವ್ಯಶ್ರೀಯ ಜೊತೆ ಹಟ್ಟಿಗೆ ಹೋದರು. ಇಷ್ಟು ದಿನ ಕೊಳವೆಗಳನ್ನೇ ನೋಡಿದ್ದರು. ರಕ್ತ ಯಾರದೋ ಆ ಮನುಷ್ಯರನ್ನು ಒಂದು ದಿನ ಕೂತು ನೋಡಿರಲಿಲ್ಲ.

ಮುಳ್ಳುಬೇಲಿಯ ರೊಪ್ಪದಲ್ಲಿ ಕುರಿಗಳು ಮರಿ ಹಾಕುವ ಕಾಲ. ಜುಂಜಮ್ಮ ಮಂಡಿಯೂರಿ ಕೂತು ಆಗತಾನೇ ಬಿದ್ದ ಮರಿಯ ಮೂಗಿನ ಲೋಳೆಯನ್ನು ಬೆರಳಿನಿಂದ ತೆಗೆಯುತ್ತಿದ್ದರು. ಉಸಿರು ಬಾರದಿದ್ದಾಗ ಅದರ ಮೂಗಿಗೆ ಬಾಯಿಟ್ಟು ಊದಿದರು. ಮರಿ ಸೀನಿತು. ಅವರ ಮುಂಗೈ ತುಂಬ ಗೀರುಗಳು, ಕೆಲವು ಹಸಿ. ಗಂಡ ಎತ್ತಪ್ಪ ಒಂದು ಕಂಬಳಿ ತಂದು ಹಾಸಿ, ನೇತ್ರಾವತಿಯವರಿಗೆ ಕುಂತ್ಕಳ್ರಿ ಎಂದು ಹೇಳಿ ಹಿಂಡಿನ ಕಡೆ ಹೋದರು.

ನೇತ್ರಾವತಿ ಕಾಯಿಲೆಯ ಬಗ್ಗೆ ಕೇಳಲಿಲ್ಲ. ಆರು ವರ್ಷ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಆಪರೇಷನ್ ಆದ ಮೇಲೆ ನಾಲ್ಕು ವರ್ಷ ತಾಯಿಯನ್ನು ಹಿರಿಯೂರಿನಲ್ಲಿ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದೆ ಎಂದು ಕಾವ್ಯಶ್ರೀ ಹೇಳಿದಳು. ಅಲ್ಲಿ ಇವರಿಗೆ ಹೊತ್ತು ಹೋಗುತ್ತಿರಲಿಲ್ಲ. ಕುರಿ ವಾಸನೆ ಇಲ್ಲದೆ ನಿದ್ದೆ ಬರಲ್ಲ ಎಂದು ಹಟ ಹಿಡಿದು ಎರಡು ವರ್ಷದ ಹಿಂದೆ ವಾಪಸು ಬಂದಿದ್ದರು.

"ಎರಡು ವರ್ಷದ ಹಿಂದೆ, ಯಾವ ತಿಂಗಳು?"

ಕಾವ್ಯಶ್ರೀ ತಿಂಗಳು ಹೇಳಿದಳು. ನೇತ್ರಾವತಿ ಚೀಲದಿಂದ ವರದಿಗಳ ಕಟ್ಟು ತೆಗೆದರು. ಹಿರಿಯೂರಿನಲ್ಲಿದ್ದ ನಾಲ್ಕು ವರ್ಷವೂ ಸೊನ್ನೆ. ಮೊದಲ ಸಲ ಮೂರು ಕಂಡದ್ದು ಹಟ್ಟಿಗೆ ಮರಳಿದ ಐದನೇ ತಿಂಗಳಿಗೆ.

ಅವರು ಕಟ್ಟನ್ನು ಮತ್ತೆ ತಿರುವಿದರು. ಈ ಸಲ ಕಣ್ಣು ಬೇರೊಂದು ಕಡೆ ನಿಂತಿತು. ಅಯೋಡಿನ್ ಚಿತ್ರ ತೆಗೆಯುವ ಮುಂಚೆ ಜುಂಜಮ್ಮನವರಿಗೆ ದಿನದ ಥೈರಾಯ್ಡ್ ಮಾತ್ರೆಯನ್ನು ನಾಲ್ಕು ವಾರ ನಿಲ್ಲಿಸಿದ್ದರು. ಮಾತ್ರೆ ನಿಂತರೆ ಥೈರಾಯ್ಡಿನ ಕಣ ಮೈಯಲ್ಲಿ ಎಲ್ಲೇ ಅಡಗಿದ್ದರೂ ಕೆರಳುತ್ತದೆ. ಥೈರೋಗ್ಲೋಬುಲಿನ್ ಹಲವು ಪಟ್ಟು ಏರುತ್ತದೆ. ಇಲ್ಲಿ ಮಾತ್ರೆ ನುಂಗುತ್ತಿದ್ದಾಗ ಇಪ್ಪತ್ತಾರು. ನಾಲ್ಕು ವಾರ ಬಿಟ್ಟ ಮೇಲೆಯೂ ಇಪ್ಪತ್ತಾರು.

ಒಂದು ಕೂದಲೆಳೆಯಷ್ಟೂ ಅಲುಗಾಡಿರಲಿಲ್ಲ. ಇದು ಥೈರಾಯ್ಡಿನ ನಡತೆಯಲ್ಲ.

"ಸ್ಕ್ಯಾನಿನಾಗೆ ಇಲ್ಲ ಅಂತಾರೆ, ರಕ್ತದಾಗೆ ಐತೆ ಅಂತಾರೆ," ಎಂದರು ಜುಂಜಮ್ಮ, ಮರಿಯನ್ನು ತಾಯಿಯ ಕೆಚ್ಚಲಿಗೆ ಹಿಡಿಯುತ್ತ. "ನಾನು ಯಾವುದನ್ನ ನಂಬ್ಕಂಡು ಬದುಕ್ಲಿ ತಾಯಿ?"

ಸೋಮವಾರದವರೆಗೆ ಎರಡನ್ನೂ ನಂಬಬೇಡಿ ಎಂದರು ನೇತ್ರಾವತಿ.

ಸಂಜೆಯೊಳಗೆ ಅವರು ಚಿತ್ರದುರ್ಗಕ್ಕೆ ಮರಳಿ ಡಾಕ್ಟರ್ ಪಲ್ಲವಿಯ ಎದುರು ಕೂತಿದ್ದರು. ಇಬ್ಬರು ಹೆಂಗಸರನ್ನೂ ಆರು ವರ್ಷದಿಂದ ನೋಡುತ್ತಿದ್ದ ವೈದ್ಯೆ ಪಲ್ಲವಿ. ನೇತ್ರಾವತಿ ತಮ್ಮ ಹಳೆಯ ಕೆಲಸದ ಮಾತು ತೆಗೆದರು. ಪ್ರಾಣಿಗಳ ಜೊತೆ ಹಗಲಿರುಳು ಬದುಕುವ ಕೆಲವರ ರಕ್ತದಲ್ಲಿ, ಪ್ರಾಣಿಯ ರಕ್ತದ ಅಂಶಗಳನ್ನು ಹಿಡಿಯುವ ಪ್ರತಿಕಾಯಗಳು ಬೆಳೆಯುತ್ತವೆ. ಅವರ ಪ್ರಯೋಗಾಲಯದಲ್ಲೂ ಅದು ಒಂದೆರಡು ಸಲ ದಾರಿ ತಪ್ಪಿಸಿತ್ತು. ಥೈರೋಗ್ಲೋಬುಲಿನ್ ಅಳೆಯುವ ಯಂತ್ರವೂ ಪ್ರಾಣಿಗಳಿಂದ ತೆಗೆದ ಎರಡು ಪ್ರತಿಕಾಯಗಳನ್ನೇ ಕೊಕ್ಕೆಗಳಂತೆ ಬಳಸುತ್ತದೆ. ಒಂದು ಕೊಕ್ಕೆ ಹಿಡಿಯುತ್ತದೆ, ಇನ್ನೊಂದು ಎಣಿಸುತ್ತದೆ. ಜುಂಜಮ್ಮನವರ ರಕ್ತದಲ್ಲಿ ಇರುವುದೇನೋ ಎರಡು ಕೊಕ್ಕೆಗಳನ್ನೂ ನೇರವಾಗಿ ಗಂಟು ಹಾಕಿದರೆ, ನಡುವೆ ಏನೂ ಇಲ್ಲದಿದ್ದರೂ ಯಂತ್ರ ಇದೆ ಎಂದೇ ಎಣಿಸುತ್ತದೆ.

ಪಲ್ಲವಿ ವರದಿಗಳನ್ನು ತಮ್ಮ ಕಡೆ ಎಳೆದುಕೊಂಡು ಎರಡು ಇಪ್ಪತ್ತಾರುಗಳನ್ನೂ ನೋಡಿದರು. ಪುಸ್ತಕದಲ್ಲಿ ಓದಿದ್ದೇನೆ, ನನ್ನ ರೋಗಿಯಲ್ಲೇ ಇರಬಹುದೆಂದು ಹೊಳೆಯಲಿಲ್ಲ ಎಂದರು. ಆಮೇಲೆ ಫೋನ್ ತೆಗೆದು, ಲ್ಯಾಬಿನಲ್ಲಿ ಉಳಿದಿದ್ದ ಜುಂಜಮ್ಮನವರ ರಕ್ತಕ್ಕೆ ಎರಡು ಪರೀಕ್ಷೆ ಹೇಳಿದರು. ಒಂದು, ಅದನ್ನು ಅರ್ಧಕ್ಕೆ ತೆಳುಮಾಡಿ ಅಳೆಯುವುದು. ವಸ್ತು ನಿಜವಾಗಿ ಇದ್ದರೆ ಅಂಕಿಯೂ ಅರ್ಧವಾಗಬೇಕು. ಎರಡು, ಅಂಥ ಪ್ರತಿಕಾಯಗಳನ್ನು ಕಟ್ಟಿಹಾಕುವ ಔಷಧಿ ಸೇರಿಸಿ ಅಳೆಯುವುದು.

ಸೋಮವಾರ ಮಧ್ಯಾಹ್ನ ಉತ್ತರ ಬಂತು. ಅರ್ಧಕ್ಕೆ ತೆಳುಮಾಡಿದ ಮೇಲೂ ಅಂಕಿ ಇಪ್ಪತ್ತಮೂರು. ಔಷಧಿ ಸೇರಿಸಿದ ಮೇಲೆ ಸೊನ್ನೆ.

ಕಾವ್ಯಶ್ರೀ ಆಸ್ಪತ್ರೆಯ ಕಾರಿಡಾರಿನಲ್ಲೇ ನಿಂತು ಹಟ್ಟಿಗೆ ಫೋನ್ ಮಾಡಿದಳು. ಮಾತು ಅರ್ಧಕ್ಕೇ ನಿಂತಿತು. ಫೋನನ್ನು ನೇತ್ರಾವತಿಯವರ ಕೈಗೆ ಕೊಟ್ಟಳು. ರಕ್ತದಲ್ಲಿ ಕಂಡದ್ದು ಕಾಯಿಲೆಯಲ್ಲ, ಬುಧವಾರ ಎಲ್ಲಿಗೂ ಹೋಗಬೇಕಾಗಿಲ್ಲ, ಸ್ಕ್ಯಾನ್ ಮಾತ್ರ ವರ್ಷಕ್ಕೊಮ್ಮೆ ಮಾಡಿಸುತ್ತಿರಿ ಎಂದು ಅವರು ನಿಧಾನವಾಗಿ ಹೇಳಿದರು. ಕುರಿಗಳ ಸಹವಾಸದಿಂದ ಹೀಗಾಗಿರಬಹುದು, ಖಚಿತವಾಗಿ ಹೇಳಲಾರೆ ಎಂದೂ ಹೇಳಿದರು.

ಆ ಕಡೆ ಕುರಿಗಳು ಅರಚುತ್ತಿದ್ದವು.

"ಹಂಗಾರೆ ಕುರಿ ಬಿಡಬೇಕಾ?" ಎಂದು ಕೇಳಿದರು ಜುಂಜಮ್ಮ.

"ಏನೂ ಬೇಡ. ಮಷೀನಿಗೆ ತಿಳಿಲಿಲ್ಲ ಅಂತ ನೀವ್ಯಾಕೆ ಬಿಡ್ತೀರಿ."

ಅಲ್ಲಿಗೆ ಒಂದು ಮುಗಿಯಿತು. ಆದರೆ ಪಲ್ಲವಿ ಕೋಣೆಯ ಬಾಗಿಲು ಹಾಕಿಕೊಂಡು ಕಮಲಮ್ಮನವರ ಕಡತ ಬಿಡಿಸಿ ಕೂತಿದ್ದರು. ನೇತ್ರಾವತಿ ಒಳಗೆ ಬಂದಾಗ ತಲೆಯೆತ್ತಲಿಲ್ಲ.

ಇರದದ್ದನ್ನು ಯಂತ್ರ ಇದೆ ಎಂದಿತ್ತು. ಹಾಗಾದರೆ ಇರುವುದನ್ನು ಇಲ್ಲ ಎನ್ನಲೂ ಸಾಧ್ಯವೇ ಎಂದು ನೇತ್ರಾವತಿ ಕೇಳಿದರು. ಸಾಧ್ಯ, ಎಂದರು ಪಲ್ಲವಿ. ಕೆಲವರ ಮೈ ಥೈರೋಗ್ಲೋಬುಲಿನ್ನಿನ ಮೇಲೆಯೇ ಪ್ರತಿಕಾಯ ಬೆಳೆಸುತ್ತದೆ. ಅದು ವಸ್ತುವನ್ನು ಮುಚ್ಚಿಬಿಡುತ್ತದೆ, ಕೊಕ್ಕೆಗೆ ಸಿಗುವುದಿಲ್ಲ. ಅದಕ್ಕೇ ಪ್ರತಿ ಸಲವೂ ಎರಡು ಪರೀಕ್ಷೆ ಒಟ್ಟಿಗೇ ಬರೆಯುತ್ತಾರೆ, ವಸ್ತುವಿಗೊಂದು, ಪ್ರತಿಕಾಯಕ್ಕೊಂದು. ಪ್ರತಿಕಾಯ ಇದ್ದರೆ ಆ ಸೊನ್ನೆಗೆ ಬೆಲೆಯಿಲ್ಲ.

ಪಲ್ಲವಿಯ ಚೀಟಿಗಳಲ್ಲೆಲ್ಲ ಎರಡೂ ಇದ್ದವು. ಮೊದಲ ನಾಲ್ಕು ವರ್ಷ ವರದಿಯಲ್ಲೂ ಎರಡೂ ಇದ್ದವು. ಕೊನೆಯ ನಾಲ್ಕು ವರದಿಗಳಲ್ಲಿ ಒಂದೇ.

"ಸೊನ್ನೆ ನೋಡಿ ಸಮಾಧಾನ ಮಾಡ್ಕೊಂಡೆ," ಎಂದರು ಪಲ್ಲವಿ. "ಕೆಳಗಿನ ಸಾಲು ಇಲ್ಲ ಅನ್ನೋದು ಕಾಣಲೇ ಇಲ್ಲ."

ನೇತ್ರಾವತಿ ಮುರುಗೇಶನಿಗೆ ಫೋನ್ ಮಾಡಿದರು. ಅವನು ಮುಚ್ಚಿಡಲಿಲ್ಲ. ಕಮಲಮ್ಮನವರೇ ಬಂದು, ಡಾಕ್ಟರು ಒಂದೇ ಸಾಕು ಅಂದಿದ್ದಾರೆ, ಎರಡನೆಯದು ಬೇಡ ಎಂದಿದ್ದರಂತೆ. ನಾಲ್ಕು ಸಲವೂ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನೀವು ಕೊಳವೆ ಬದಲಾಗಿದೆಯಾ ಅಂತ ಮಾತ್ರ ಕೇಳಿದ್ರಿ ಎಂದ.

ಪಲ್ಲವಿ ಅಂಥ ಮಾತು ಯಾವತ್ತೂ ಹೇಳಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನೇತ್ರಾವತಿ ಹೊಳಲ್ಕೆರೆಯಲ್ಲಿದ್ದರು. ಕಮಲಮ್ಮನವರ ಗಂಡ ಶಿವಕುಮಾರಪ್ಪ ಮುಂದಿನ ಅಂಗಡಿಯಲ್ಲಿ ಕೊಳಗ ತೂಗುತ್ತಿದ್ದರು. ಹಿಂದಿನ ನಡುಮನೆಯಲ್ಲಿ ಕಮಲಮ್ಮ ಒಬ್ಬರೇ. ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಹಾಡಿನ ನೋಟು. ಶನಿವಾರಗಳಲ್ಲಿ ಸಿರಿಗೆರೆಯ ಹಾಸ್ಟೆಲ್ ಹುಡುಗಿಯರಿಗೆ ವಚನ ಹಾಡುವುದನ್ನು ಕಲಿಸುತ್ತಿದ್ದರು.

ನೇತ್ರಾವತಿ ವರದಿಗಳನ್ನು ಅವರ ಮುಂದೆ ಒಂದೊಂದಾಗಿ ಹರಡಿದರು. ಬೈಯುವ ದನಿಯಿರಲಿಲ್ಲ.

"ಎರಡನೇ ಪರೀಕ್ಷೆ ಬೇಡ ಅಂದಿದ್ದು ಯಾಕೆ?"

ಕಮಲಮ್ಮ ನೋಟು ಮುಚ್ಚಿದರು. "ಗೊತ್ತಿತ್ತು, ಅದಕ್ಕೆ."

"ಏನು ಗೊತ್ತಿತ್ತು?"

"ಡಾಕ್ಟರಮ್ಮ ಮೊದಲ ವರ್ಷವೇ ತಿಳಿಸಿ ಹೇಳಿದ್ರು. ಎರಡನೇದು ಏರಿದ್ರೆ ಸೊನ್ನೇನ ನಂಬಂಗಿಲ್ಲ ಅಂತ. ಗಂಟು ಐತೆ ಅಂದಾಗ ಯೋಚನೆ ಮಾಡಿದೆ. ಎರಡನೇದು ಮಾಡಿಸಿದ್ರೆ ಏರಿರ್ತದೆ. ಏರಿದ್ರೆ ಮತ್ತೆ ಕೊಯ್ತಾರೆ. ಮಾಡಿಸದೇ ಇದ್ರೆ ಸೊನ್ನೆ ಸೊನ್ನೆಯಾಗೇ ಇರ್ತದೆ. ಎಲ್ರೂ ಸುಮ್ಮನಿರ್ತಾರೆ."

ಮೊದಲ ಆಪರೇಷನ್ನಿನಲ್ಲಿ ದನಿಯ ನರಕ್ಕೆ ಪೆಟ್ಟು ಬಿದ್ದ ಕಥೆಯನ್ನು ಅವರು ಆಮೇಲೆ ಹೇಳಿದರು. ಎಂಟು ತಿಂಗಳು ಬರೀ ಪಿಸುಮಾತು. ಅಂಗಡಿಗೆ ಬಂದವರಿಗೆ ಕೈಸನ್ನೆ. ಮೊಮ್ಮಗಳು ಅಜ್ಜಿಗೆ ಮಾತು ಬರಲ್ಲ ಎಂದೇ ತಿಳಿದಿದ್ದಳು. ಮೂರು ವರ್ಷ ಸಾಧಕ ಮಾಡಿ, ಒಂದೊಂದೇ ಸ್ವರ ಹುಡುಕಿ ಹಾಡು ವಾಪಸು ತಂದುಕೊಂಡಿದ್ದರು. ಅದನ್ನು ಎರಡನೇ ಸಲ ಕತ್ತರಿಯ ಕೆಳಗೆ ಇಡಲು ಅವರಿಂದಾಗಲಿಲ್ಲ.

ನೇತ್ರಾವತಿ ಒಂದು ಪ್ರಶ್ನೆಯನ್ನು ದಾರಿಯುದ್ದಕ್ಕೂ ಹೊತ್ತು ತಂದಿದ್ದರು. "ಇದನ್ನೆಲ್ಲ ಮುಚ್ಚಿಡೋರು, ನಾನು ಬಂದು ಕೇಳಿದ ಕೂಡಲೇ ರಕ್ತ ಯಾಕೆ ಕೊಟ್ರಿ? ಸಿಕ್ಕಿಬೀಳಬಹುದು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಆದ್ರೆ ಆ ಹಟ್ಟಿ ಹೆಣ್ಮಗಳು ಇಲ್ಲದ ಕಾಯಿಲೆಗೆ ಆ ಅಯೋಡಿನ್ ಕುಡೀಬಾರದಲ್ಲ. ನಾನು ಕುಡಿದೀನಿ. ಅದರ ರುಚಿ ನನಗೆ ಗೊತ್ತೈತೆ." ಕಮಲಮ್ಮ ತುಸು ನಕ್ಕರು. "ಅವರಿಗೆ ಏನೂ ಇಲ್ವಂತೆ? ಒಳ್ಳೇದಾಯ್ತು."

ನೇತ್ರಾವತಿ ಪಲ್ಲವಿಯ ಮಾತನ್ನು ಅವರಿಗೆ ತಲುಪಿಸಿದರು. ಲ್ಯಾಬಿನಲ್ಲಿ ಕಮಲಮ್ಮನವರ ರಕ್ತವೂ ಇನ್ನೂ ಉಳಿದಿದೆ, ಅವರು ಒಪ್ಪಿದರೆ ಮಾತ್ರ ಎರಡನೇ ಪರೀಕ್ಷೆ ಎಂದು ಪಲ್ಲವಿ ಹೇಳಿ ಕಳಿಸಿದ್ದರು. ಗಂಟಿಗೆ ಸಣ್ಣ ಸೂಜಿ ಹಾಕಿ, ಆ ಸೂಜಿಯನ್ನು ತೊಳೆದ ನೀರಿನಲ್ಲೇ ವಸ್ತುವನ್ನು ಹುಡುಕುವ ದಾರಿಯೂ ಇತ್ತು. ಅಲ್ಲಿ ಪ್ರತಿಕಾಯದ ಆಟ ಅಷ್ಟಾಗಿ ನಡೆಯುವುದಿಲ್ಲ.

ಕಮಲಮ್ಮ ಒಪ್ಪಲಿಲ್ಲ, ಇಲ್ಲವೆನ್ನಲೂ ಇಲ್ಲ. ಗಂಟಿದ್ದರೂ ದನಿಗೇನೂ ಆಗಿಲ್ಲ, ಹದಿನೈದು ದಿನದಿಂದ ನೆಗಡಿಗೆ ಸ್ವಲ್ಪ ಒಡೆದಿದೆ ಅಷ್ಟೇ ಎಂದರು. ಹೋದ ತಿಂಗಳು ಸಿರಿಗೆರೆಯಲ್ಲಿ ಹಾಡಿದ್ದನ್ನು ಹುಡುಗಿಯರು ಫೋನಿನಲ್ಲಿ ಹಿಡಿದುಕೊಟ್ಟಿದ್ದಾರೆ, ಕೇಳಿಸುತ್ತೇನೆ ಇರಿ ಎಂದು ಎದ್ದರು. ಫೋನು ಮಹಡಿಯಲ್ಲಿತ್ತು.

ಅವರ ದನಿ ನಿಜಕ್ಕೂ ಒಡೆದಿತ್ತು. ಆದರೆ ಅಷ್ಟು ಹೊತ್ತು ಎದುರು ಕೂತು ಮಾತಾಡಿದರೂ ಒಂದು ಸಲವೂ ಮೂಗು ಒರೆಸಿಕೊಂಡಿರಲಿಲ್ಲ.

ನೇತ್ರಾವತಿ ಪಲ್ಲವಿಯಿಂದ ತಂದಿದ್ದ ಕಡತವನ್ನು ಹತ್ತಿರ ಎಳೆದುಕೊಂಡರು. ತಳದಲ್ಲಿ ಆರು ವರ್ಷದ ಹಿಂದಿನ ಆಪರೇಷನ್ ಟಿಪ್ಪಣಿ ಇತ್ತು, ಶಾಯಿ ಮಾಸಿದ ಒಂದೇ ಪುಟ. ಪೆಟ್ಟು ಬಿದ್ದದ್ದು ಬಲಗಡೆಯ ನರಕ್ಕೆ. ಕೊನೆಯಲ್ಲಿ, ವರ್ಷದ ನಂತರ ಗಂಟಲು ನೋಡಿದವರು ಸೇರಿಸಿದ ಮತ್ತೊಂದು ಸಾಲು: ಬಲ ನರ ಚೇತರಿಸಿಕೊಂಡಿಲ್ಲ, ಎಡ ನರ ಒಂದೇ ಎರಡರ ಕೆಲಸ ಮಾಡುತ್ತಿದೆ.

ಅವರು ಸ್ಕ್ಯಾನ್ ವರದಿಯನ್ನು ಅದರ ಪಕ್ಕಕ್ಕಿಟ್ಟು ಗಂಟಿನ ಜಾಗ ಓದಿದರು. ಶ್ವಾಸನಾಳಕ್ಕೆ ಅಂಟಿದಂತೆ, ಎಡಗಡೆ.

ಪಲ್ಲವಿ ಮೊದಲ ರಿಂಗಿಗೇ ಫೋನ್ ಎತ್ತಿದರು. ನೇತ್ರಾವತಿ ಎರಡೂ ಸಾಲು ಓದಿ ಹೇಳಿದರು. ಆ ಕಡೆ ಕುರ್ಚಿ ಹಿಂದೆ ಸರಿದ ಸದ್ದು ಕೇಳಿಸಿತು. ಎಡ ನರವೂ ಹೋದರೆ ಗಂಟಲಿನಲ್ಲಿ ದನಿಗೂ ಉಸಿರಿಗೂ ತೆರೆದುಕೊಳ್ಳುವ ಎರಡು ಕದಗಳೂ ಅರ್ಧ ಮುಚ್ಚಿ ನಿಂತುಬಿಡುತ್ತವೆ ಎಂದರು ಪಲ್ಲವಿ. ಆಗ ಹಾಡಿನ ಮಾತಿರಲಿ, ಗಾಳಿ ಹೋಗಲೂ ದಾರಿ ಸಾಲದು.

"ದನಿ ಬಿಡ್ರಿ. ಉಸಿರಾಡುವಾಗ ಏನಾದ್ರೂ ಸದ್ದು ಬರ್ತೈತಾ, ಅದೊಂದು ನೋಡಿ ಹೇಳ್ರಿ."

ನೇತ್ರಾವತಿ ಫೋನ್ ಕಿವಿಯಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದರು. ಕಮಲಮ್ಮ ಮಹಡಿ ತಲುಪಿರಲಿಲ್ಲ. ಏಳನೇ ಮೆಟ್ಟಿಲಿನಲ್ಲಿ ಗೋಡೆಗೆ ಕೈಯೂರಿ ನಿಂತಿದ್ದರು, ಬೆನ್ನು ಈ ಕಡೆಗೆ. ಅಂಗಡಿಯಲ್ಲಿ ಪಾತ್ರೆಗಳ ಸದ್ದು ಒಂದು ಕ್ಷಣ ನಿಂತಿತು.

ಆ ನಿಶ್ಶಬ್ದದಲ್ಲಿ ಸಪೂರವಾದ ಒಂದು ಸಿಳ್ಳೆ ಕೇಳಿಸಿತು. ಕಮಲಮ್ಮ ಉಸಿರೆಳೆದುಕೊಂಡಾಗಲೆಲ್ಲ ಬರುತ್ತಿತ್ತು.